ಮಿಂಚನ್ನು ಪಳಗಿಸಿದ ಮೇಷ್ಟ್ರು: ಹೆರಾಲ್ಡ್ ಎಡ್ಜರ್ಟನ್

ಆಷಾಢದ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಲಾ ಮೈದಾನಗಳು ಗದ್ದೆಯ ರೂಪ ತಾಳುತ್ತವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ ಈ ವಿಷಯದಲ್ಲಿ ಅದಕ್ಕೆ ಪೈಪೋಟಿ ನೀಡುತ್ತದೆ. ಶಾಲಾ ಮಕ್ಕಳ ಕ್ರೀಡಾಕೂಟಗಳೂ ಸಾಮಾನ್ಯವಾಗಿ ಇದೇ ಕಾಲದಲ್ಲಿ ನಡೆಯುತ್ತವೆ. ಬಯಲಿನಲ್ಲಿ ಕಾಲೂರಲಾಗದ ದಿನ, ಎತ್ತರದ ಮಾಡಿರುವ ಸಭಾಂಗಣ ಸಿಕ್ಕಲ್ಲಿ ವಾಲಿಬಾಲ್ ಬಲೆ ಒಳಗೆ ಬರುತ್ತದೆ. ಹೊರಗೆ ಕಪ್ಪು ಮೋಡ, ಒಳಗೆ ಕೆಲವೇ ಟ್ಯೂಬ್‌ಲೈಟ್‌ಗಳ ಮಂಕು ಬೆಳಕು. ಅಲ್ಲಿ ಹುಡುಗಿಯೊಬ್ಬಳು ಬಲೆಗಿಂತ ಮೇಲಕ್ಕೆ ಚಿಮ್ಮಿ ಚೆಂಡನ್ನು ಎದುರಾಳಿಯ ಅಂಗಳಕ್ಕೆ ಬಡಿಯುತ್ತಾಳೆ. ಗ್ಯಾಲರಿಯಲ್ಲಿ ನಿಂತ ತಂದೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಆಮೇಲೆ ನೋಡಿದರೆ ಚೆಂಡು ಇದ್ದಲ್ಲಿ ಬಿಳಿಯ ಗೆರೆ, ಮಗಳ ಮುಖ ಇದ್ದಲ್ಲಿ ಮಸುಕು.

ಇದು ಚಿತ್ರ ತೆಗೆದವರ ಕೈಯ ದೋಷವಲ್ಲ, ಲೆಕ್ಕದ ಮಾತು. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೋಗುವ ಚೆಂಡು ಸೆಕೆಂಡಿನ 250ನೇ ಒಂದು ಭಾಗದಲ್ಲಿ 6 ಸೆಂಟಿಮೀಟರ್ ಸರಿದುಬಿಡುತ್ತದೆ. ಷಟರ್ ಅಷ್ಟು ಹೊತ್ತು ತೆರೆದಿದ್ದರೆ ಆ 6 ಸೆಂಟಿಮೀಟರ್ ಚಿತ್ರದಲ್ಲಿ ಗೆರೆಯಾಗಿ ಉಳಿಯುತ್ತದೆ. ಷಟರನ್ನು ಇನ್ನೂ ಬೇಗ ಮುಚ್ಚೋಣವೆಂದರೆ ಮಂಕು ಬೆಳಕಿನಲ್ಲಿ ಚಿತ್ರವೇ ಕತ್ತಲಾಗುತ್ತದೆ. ಕತ್ತಲಿಗೂ ವೇಗಕ್ಕೂ ನಡುವಿನ ಈ ಇಕ್ಕಟ್ಟಿನಿಂದ ಪಾರಾಗಲು ಪತ್ರಿಕಾ ಛಾಯಾಗ್ರಾಹಕರು ಕಂಡುಕೊಂಡ ಹಾದಿಯೇ ಸ್ಟ್ರೋಬ್, ಅಂದರೆ ಎಲೆಕ್ಟ್ರಾನಿಕ್ ಫ್ಲ್ಯಾಶ್. ಅಂಗಣದ ಎರಡು ಮೂಲೆಗಳಲ್ಲಿ ಎತ್ತರಕ್ಕೆ ಕಟ್ಟಿದ ಎರಡು ದೀಪಗಳು ಕಣ್ಣೆವೆಯಿಕ್ಕುವುದಕ್ಕಿಂತ ಬಹಳ ಬೇಗ ಮಿಂಚಿ ಆರುತ್ತವೆ. ಆ ಮಿಂಚು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟಿದ್ದರೆ ಅದೇ ಚೆಂಡು ಸರಿಯುವುದು ಕೇವಲ ಒಂದೂವರೆ ಮಿಲಿಮೀಟರ್. ಚೆಂಡಿನ ಹೊಲಿಗೆ, ಬೆರಳುಗಳ ನಡುವಿನ ಸಂದು, ಹಣೆಯಿಂದ ಹಾರಿದ ಬೆವರಿನ ಹನಿ ಎಲ್ಲವೂ ಸ್ಪಷ್ಟವಾಗಿ ನಿಲ್ಲುತ್ತವೆ.

ಈ ಮಿಂಚನ್ನು ಪ್ರಯೋಗಾಲಯದಿಂದ ಕ್ಯಾಮೆರಾದ ಬಳಿಗೆ ತಂದವರು ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಯೂಜೀನ್ ಎಡ್ಜರ್ಟನ್. ಅವರು ಹೊರಟದ್ದು ಚಿತ್ರ ತೆಗೆಯಲಿಕ್ಕಲ್ಲ. ಶರಾವತಿ ಕಣಿವೆಯಲ್ಲಿ ಹಗಲಿರುಳು ತಿರುಗುವ ವಿದ್ಯುತ್ ಯಂತ್ರಗಳ ಬಳಗಕ್ಕೇ ಸೇರಿದ ಒಂದು ಯಂತ್ರದ ಚಲನೆಯನ್ನು ಅರಿಯಲು ಹೊರಟವರ ಕಣ್ಣಿಗೆ ಬೆಳಕು ಬಿತ್ತು.

ಬಯಲುಸೀಮೆಯ ಹುಡುಗ

ಎಡ್ಜರ್ಟನ್ ಹುಟ್ಟಿದ್ದು 1903ರ ಏಪ್ರಿಲ್ 6ರಂದು, ನೆಬ್ರಾಸ್ಕಾ ರಾಜ್ಯದ ಫ್ರೀಮಾಂಟ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಅರೋರಾ ಎಂಬ ಸಣ್ಣ ಊರಿನಲ್ಲಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಹೊಲಗಳ ಬಯಲು. ತಂದೆ ವಕೀಲರು. ಛಾಯಾಗ್ರಹಣದ ಮೊದಲ ಪಾಠ ಸಿಕ್ಕಿದ್ದು ಚಿಕ್ಕಪ್ಪ ರಾಲ್ಫ್ ಅವರಿಂದ. ಪ್ರಾಯಕ್ಕೆ ಬರುತ್ತಿದ್ದಂತೆ ರಜೆಯ ದಿನಗಳಲ್ಲಿ ಊರಿನ ವಿದ್ಯುತ್ ಕಂಪನಿಯಲ್ಲಿ ದುಡಿದರು. ಕ್ಯಾಮೆರಾ ಮತ್ತು ವಿದ್ಯುತ್ ಎರಡರ ನಂಟೂ ಹೀಗೆ ಬಾಲ್ಯದಲ್ಲೇ ಬೆಳೆಯಿತು. ಆದರೆ ಅವೆರಡೂ ಒಂದಾಗಲು ಇನ್ನೂ ಹತ್ತಾರು ವರ್ಷ ಬೇಕಾಯಿತು.

ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ 1925ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಅವರು ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಒಂದು ವರ್ಷ ಕೆಲಸ ಮಾಡಿದರು. 1926ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂಐಟಿ ಸೇರಿದರು. ಮುಂದಿನ ಬದುಕೆಲ್ಲ ಆ ಸಂಸ್ಥೆಗೇ ಮುಡಿಪಾಯಿತು. 1928ರಲ್ಲಿ ತಮ್ಮ ಊರಿನ ಕಡೆಯವರೇ ಆದ ಎಸ್ತರ್ ಗ್ಯಾರೆಟ್ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಮಕ್ಕಳು.

ಎಂಐಟಿ ಇರುವ ಮೆಸಾಚುಸೆಟ್ಸ್ ರಾಜ್ಯವೇ ವಾಲಿಬಾಲ್ ಆಟದ ತವರು ಎಂಬುದು ಇಲ್ಲಿ ಸ್ಮರಣೀಯ. ಆ ರಾಜ್ಯದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ 1895ರಲ್ಲಿ ಈ ಆಟವನ್ನು ರೂಪಿಸಿದ್ದು ಒಳಾಂಗಣದಲ್ಲಿ ಆಡಲೆಂದೇ. ಬಯಲಿನ ಆಟವೆಂದು ನಾವು ತಿಳಿದಿರುವ ವಾಲಿಬಾಲ್, ಮಳೆಗೆ ಹೆದರಿ ಮಾಡಿನಡಿಗೆ ಬಂದಾಗ ವಾಸ್ತವವಾಗಿ ತನ್ನ ಮೂಲಕ್ಕೇ ಮರಳಿರುತ್ತದೆ. ಆ ಆಟವನ್ನು ಮಾಡಿನಡಿಯಲ್ಲಿ ಸೆರೆಹಿಡಿಯಬಲ್ಲ ಬೆಳಕೂ ಮೂರೂವರೆ ದಶಕಗಳ ಬಳಿಕ ಅದೇ ರಾಜ್ಯದಲ್ಲಿ ಸಿದ್ಧವಾಯಿತು.

ನಿಂತಂತೆ ಕಂಡ ಯಂತ್ರ

ಎಡ್ಜರ್ಟನ್ ಆರಿಸಿಕೊಂಡ ಸಂಶೋಧನಾ ವಿಷಯ ಸಿಂಕ್ರೊನಸ್ ಯಂತ್ರಗಳದ್ದು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಆರಂಭವಾದಂದಿನಿಂದ ಸಾಗರ ತಾಲ್ಲೂಕಿನ ಜನಕ್ಕೆ ಇಂತಹ ಯಂತ್ರಗಳ ಸದ್ದು ಪರಿಚಿತ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳೂ, ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರಿನಿಂದ ನಡೆಯುವ ವಾರಾಹಿ ಭೂಗರ್ಭ ವಿದ್ಯುದಾಗಾರದ ಘಟಕಗಳೂ ಇದೇ ಜಾತಿಯವು. ನಾಡಿನ ವಿದ್ಯುತ್ ಜಾಲದ ಸೆಕೆಂಡಿಗೆ 50ರ ತಾಳಕ್ಕೆ ಇವೆಲ್ಲ ಒಟ್ಟಾಗಿ ಹೆಜ್ಜೆ ಹಾಕಬೇಕು. ತಂತಿಗೆ ಸಿಡಿಲು ಬಡಿದಾಗ ಅಥವಾ ಹೊರೆ ಹಠಾತ್ತನೆ ಏರಿಳಿದಾಗ ಯಂತ್ರದ ತಾಳ ಕ್ಷಣಕಾಲ ತಪ್ಪುತ್ತದೆ. ಆ ಕ್ಷಣದಲ್ಲಿ ಯಂತ್ರದೊಳಗೆ ಏನಾಗುತ್ತದೆ ಎಂಬುದು ಯುವ ಸಂಶೋಧಕನ ಪ್ರಶ್ನೆಯಾಗಿತ್ತು. ಉತ್ತರ ಕಣ್ಣ ಮುಂದೆಯೇ ಇತ್ತು, ಆದರೆ ತಿರುಗುವ ಭಾಗದ ವೇಗದಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಬಳಸುತ್ತಿದ್ದ ಪಾದರಸದ ರೆಕ್ಟಿಫೈಯರ್ ಒಂದು ತಾಳಬದ್ಧವಾಗಿ ನೀಲಿ ಬೆಳಕನ್ನು ಮಿನುಗಿಸುತ್ತಿತ್ತು. ಆ ಬೆಳಕು ಬಿದ್ದಾಗ, ತಿರುಗುತ್ತಿದ್ದ ಮೋಟಾರಿನ ಧ್ರುವಗಳು ಅಲುಗಾಡದೆ ನಿಂತಂತೆ ಕಂಡವು. ಇದರ ಗುಟ್ಟು ಸರಳ. ಯಂತ್ರ ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂದಾಗ ಮಾತ್ರ ಬೆಳಕು ಮಿಂಚಿದರೆ ಕಣ್ಣು ಪ್ರತಿಬಾರಿಯೂ ಒಂದೇ ನೋಟವನ್ನು ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತಿರುಗುವ ಸೀಲಿಂಗ್ ಫ್ಯಾನಿನ ರೆಕ್ಕೆಗಳು ಕೆಲವೊಮ್ಮೆ ನಿಧಾನವಾಗಿ ಹಿಂದಕ್ಕೆ ಸರಿದಂತೆ ಕಾಣುವುದನ್ನು ಗಮನಿಸಿದವರಿಗೆ ಇದು ಹೊಸದಲ್ಲ. ಎಲ್ಲರೂ ಕಂಡು ಮರೆಯುವ ಈ ಚೋದ್ಯವನ್ನು ಎಡ್ಜರ್ಟನ್ ಮರೆಯಲಿಲ್ಲ. ಬೇಕೆಂದಾಗ, ಬೇಕಾದ ತಾಳದಲ್ಲಿ, ಅತ್ಯಲ್ಪ ಕಾಲ ಮಿಂಚುವ ದೀಪವನ್ನು ಅವರು ಕಟ್ಟಿದರು. 1931ರಲ್ಲಿ ಡಾಕ್ಟರೇಟ್ ದೊರೆಯುವ ಹೊತ್ತಿಗೆ ಅವರ ಸ್ಟ್ರೋಬೋಸ್ಕೋಪ್ ಸಿದ್ಧವಾಗಿತ್ತು.

ಕಲ್ಪನೆ ಸಂಪೂರ್ಣ ಹೊಸದಾಗಿತ್ತು ಎನ್ನುವಂತಿಲ್ಲ. ಸ್ಟ್ರೋಬೋಸ್ಕೋಪಿನ ತತ್ತ್ವವನ್ನು 1832ರಲ್ಲಿಯೇ ಬೆಲ್ಜಿಯಂನ ಪ್ಲಾಟೋ ಮತ್ತು ಆಸ್ಟ್ರಿಯಾದ ಸ್ಟಾಂಫರ್ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1851ರಲ್ಲಿ ತಿರುಗುವ ಚಕ್ರಕ್ಕೆ ಅಂಟಿಸಿದ ಪತ್ರಿಕೆಯ ಪುಟವನ್ನು ವಿದ್ಯುತ್ ಕಿಡಿಯ ಬೆಳಕಿನಲ್ಲಿ ಚಿತ್ರಿಸಿದ್ದರು. ಆದರೆ ಆ ಕಿಡಿಗಳು ದುರ್ಬಲವಾಗಿದ್ದವು, ಹಿಡಿತಕ್ಕೆ ಸಿಗುತ್ತಿರಲಿಲ್ಲ. ಪತ್ರಿಕಾ ಛಾಯಾಗ್ರಾಹಕರು ಬಳಸುತ್ತಿದ್ದ ಮೆಗ್ನೀಸಿಯಂ ಪುಡಿ ಹೊಗೆ ಕಾರುತ್ತಿತ್ತು. 1930ರ ಸುಮಾರಿಗೆ ಬಂದ ಫ್ಲ್ಯಾಶ್ ಬಲ್ಬು ಒಂದು ಚಿತ್ರಕ್ಕೇ ಸುಟ್ಟುಹೋಗುತ್ತಿತ್ತು, ಅದರ ಬೆಳಕೂ ವೇಗದ ಚಲನೆಯನ್ನು ನಿಲ್ಲಿಸುವಷ್ಟು ಚುಟುಕಾಗಿರಲಿಲ್ಲ. ಎಡ್ಜರ್ಟನ್ ಅವರ ವಿಧಾನದಲ್ಲಿ ಕೆಪಾಸಿಟರ್ ಎಂಬ ಭಾಗ ವಿದ್ಯುತ್ತನ್ನು ನಿಧಾನವಾಗಿ ತುಂಬಿಕೊಂಡು, ಅನಿಲ ತುಂಬಿದ ಗಾಜಿನ ನಳಿಗೆಯ ಮೂಲಕ ಒಮ್ಮೆಲೇ ಹರಿಯಬಿಡುತ್ತದೆ. ಅಣೆಕಟ್ಟೆಯಲ್ಲಿ ತಿಂಗಳುಗಟ್ಟಲೆ ಸಂಗ್ರಹವಾದ ನೀರು ತೂಬು ತೆರೆದೊಡನೆ ಧುಮುಕುವ ಹಾಗೆ. ನಳಿಗೆ ಸುಡುವುದಿಲ್ಲ, ಸಾವಿರಾರು ಬಾರಿ ಮಿಂಚುತ್ತದೆ. ಮೊದಲು ಪಾದರಸದ ಆವಿ, ಬಳಿಕ ಕ್ಸೆನಾನ್ ಮುಂತಾದ ಅನಿಲಗಳು ಬಳಕೆಗೆ ಬಂದವು. ಇಂದಿಗೂ ಛಾಯಾಗ್ರಾಹಕರ ಕೈಯಲ್ಲಿರುವ ಫ್ಲ್ಯಾಶ್ ಕೆಲಸ ಮಾಡುವುದು ಇದೇ ರೀತಿಯಲ್ಲಿ.

ಹಾಲಿನ ಕಿರೀಟ

ಯಂತ್ರಗಳನ್ನು ಬಿಟ್ಟು ನಿತ್ಯದ ವಸ್ತುಗಳ ಕಡೆಗೂ ಈ ಬೆಳಕನ್ನು ತಿರುಗಿಸುವಂತೆ ಎಡ್ಜರ್ಟನ್ ಅವರನ್ನು ಪ್ರೇರೇಪಿಸಿದವರು ಎಂಐಟಿಯ ಸಹೋದ್ಯೋಗಿ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್. ನಲ್ಲಿಯಿಂದ ಬೀಳುವ ನೀರಿನ ಧಾರೆಯಿಂದ ಕೆಲಸ ಆರಂಭವಾಯಿತು. ಹಳೆಯ ವಿದ್ಯಾರ್ಥಿ ಕೆನೆತ್ ಗರ್ಮ್ಸ್‌ಹೌಸನ್ 1931ರಲ್ಲಿ, ಹರ್ಬರ್ಟ್ ಗ್ರಿಯರ್ 1934ರಲ್ಲಿ ಜೊತೆಗೂಡಿದರು. ಮೂವರ ಈ ಗೆಳೆತನ ಕೊನೆಯವರೆಗೂ ಉಳಿಯಿತು.

ತಟ್ಟೆಯ ಮೇಲೆ ಬಿದ್ದ ಹಾಲಿನ ಹನಿ ಚಿಮ್ಮಿ, ಅಂಚಿನಲ್ಲಿ ಮುತ್ತು ಪೋಣಿಸಿದ ಕಿರೀಟದಂತೆ ಏಳುವ ಚಿತ್ರ ಅವರ ಕೃತಿಗಳಲ್ಲಿಯೇ ಅತ್ಯಂತ ಪ್ರಸಿದ್ಧ. 1936ರ ಕಪ್ಪುಬಿಳುಪು ಚಿತ್ರವನ್ನು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ 1937ರಲ್ಲಿ ಏರ್ಪಡಿಸಿದ ಛಾಯಾಚಿತ್ರಗಳ ಇತಿಹಾಸದ ಪ್ರದರ್ಶನದಲ್ಲಿ ಸೇರಿಸಿತು. ಎಡ್ಜರ್ಟನ್ ಅವರಿಗೆ ಮಾತ್ರ ತೃಪ್ತಿಯಾಗಲಿಲ್ಲ. ಹನಿಗಳೆಲ್ಲ ಸಮ ಅಂತರದಲ್ಲಿ ನಿಂತ ಕಿರೀಟಕ್ಕಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪ್ರಯತ್ನ ಮುಂದುವರಿಸಿದರು. 1957ರಲ್ಲಿ ಕೆಂಪು ಹಿನ್ನೆಲೆಯ ವರ್ಣಚಿತ್ರ ರೂಪುಗೊಂಡಿತು. ಜಗತ್ತು ಅವರನ್ನು ಕಲಾವಿದರೆಂದು ಕರೆದಾಗಲೂ ಅವರು ಆ ಬಿರುದನ್ನು ಒಪ್ಪಿಕೊಳ್ಳಲಿಲ್ಲ. ತಮ್ಮದು ಎಂಜಿನಿಯರನ ಕೆಲಸ, ತಮಗೆ ಬೇಕಾದದ್ದು ಸತ್ಯಾಂಶ ಮಾತ್ರ ಎಂಬುದು ಅವರ ನಿಲುವಾಗಿತ್ತು.

ಕ್ರೀಡಾಲೋಕಕ್ಕೆ ಈ ಬೆಳಕು ಬಹುಬೇಗ ಪ್ರವೇಶಿಸಿತು. 1934ರಲ್ಲಿ ವೆಸ್ ಫೆಸ್ಲರ್ ಎಂಬ ಆಟಗಾರ ಫುಟ್‌ಬಾಲನ್ನು ಒದೆಯುವ ಕ್ಷಣವನ್ನು ಎಡ್ಜರ್ಟನ್ ಸೆರೆಹಿಡಿದರು. ಗಟ್ಟಿಯಾಗಿ ಗಾಳಿ ತುಂಬಿದ ಚೆಂಡಿನೊಳಗೆ ಬೂಟಿನ ಮೂತಿ ಹುದುಗಿಹೋಗಿರುವುದನ್ನು ಜನ ಮೊದಲ ಬಾರಿಗೆ ಕಂಡರು. ಒಂದೇ ಫಿಲ್ಮಿನ ಮೇಲೆ ಹಲವು ಬಾರಿ ಬೆಳಕನ್ನು ಮಿಂಚಿಸಿ ಗಾಲ್ಫ್ ಆಟಗಾರರ ಬೀಸು ಹಾಗೂ ಟೆನಿಸ್ ಆಟಗಾರರ ಸರ್ವ್‌ಗಳ ಪೂರ್ಣ ಪಥವನ್ನು ಬೀಸಣಿಗೆಯಂತೆ ಬಿಡಿಸಿ ತೋರಿಸಿದರು. ಎಂಐಟಿಯಲ್ಲಿಯೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ್ದ ಅಲ್ಬೇನಿಯಾ ಮೂಲದ ಜಾನ್ ಮಿಲಿ ಈ ವಿದ್ಯೆಯನ್ನು ಕಲಿತು ಲೈಫ್ ಪತ್ರಿಕೆಯ ಮೂಲಕ ನರ್ತಕರು, ಸಂಗೀತಗಾರರು ಮತ್ತು ಕ್ರೀಡಾಪಟುಗಳ ಚಿತ್ರಗಳನ್ನು ಮನೆಮನೆಗೆ ತಲುಪಿಸಿದರು. ಎಡ್ಜರ್ಟನ್ ಅವರ ಚಿತ್ರಗಳ ಪುಸ್ತಕ 1939ರಲ್ಲಿ ಹೊರಬಂದಿತು. ಅವರ ಪ್ರಯೋಗಗಳನ್ನು ಕುರಿತು ಹಾಲಿವುಡ್‌ನ ಎಂಜಿಎಂ ಸಂಸ್ಥೆ 1940ರಲ್ಲಿ ತೆಗೆದ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಸಂದಿತು.

ಬೆಳಕಿನ ನೆರಳು

ಚಲನೆಯನ್ನು ನಿಲ್ಲಿಸುವ ಬೆಳಕು ಯುದ್ಧಕ್ಕೂ ಬೇಕಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ವಿಮಾನದಲ್ಲಿ ಒಯ್ಯಬಲ್ಲ, ಮೈಲಿಯೆತ್ತರದಿಂದ ನೆಲವನ್ನು ಬೆಳಗಬಲ್ಲ ಭಾರೀ ಫ್ಲ್ಯಾಶ್ ದೀಪಗಳನ್ನು ಎಡ್ಜರ್ಟನ್ ಅಮೆರಿಕದ ಸೇನೆಗೆ ನಿರ್ಮಿಸಿಕೊಟ್ಟರು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತವನ್ನು ರಾತ್ರಿಯಲ್ಲಿ ಆಗಸದಿಂದ ಬೆಳಗಿಸಿ ತೆಗೆದ 1944ರ ಚಿತ್ರ ಈ ಸಿದ್ಧತೆಯ ಫಲ. ಅದೇ ವರ್ಷ ಜೂನ್ 5ರ ರಾತ್ರಿ, ಮಿತ್ರಪಡೆಗಳು ನಾರ್ಮಂಡಿಯ ದಡಕ್ಕಿಳಿಯುವ ಕೆಲವೇ ಗಂಟೆಗಳ ಮೊದಲು, ಶತ್ರುಸೇನೆಯ ಚಲನವಲನ ತಿಳಿಯಲು ಅಲ್ಲಿನ ರಸ್ತೆಗಳ ಚಿತ್ರ ತೆಗೆದದ್ದು ಇವರ ದೀಪಗಳ ಬೆಳಕಿನಲ್ಲಿ. ಈ ಸೇವೆಗಾಗಿ 1946ರಲ್ಲಿ ಅವರಿಗೆ ಮೆಡಲ್ ಆಫ್ ಫ್ರೀಡಂ ದೊರೆಯಿತು.

ಯುದ್ಧಾನಂತರದ ಅಧ್ಯಾಯ ಇನ್ನೂ ಭಾರವಾದದ್ದು. 1947ರಲ್ಲಿ ಮೂವರು ಗೆಳೆಯರು ಸೇರಿ ಇಜಿ ಅಂಡ್ ಜಿ ಎಂಬ ಕಂಪನಿಯನ್ನು ಸ್ಥಾಪಿಸಿದರು. ಅಮೆರಿಕದ ಪರಮಾಣು ಬಾಂಬ್ ಪರೀಕ್ಷೆಗಳಲ್ಲಿ ಸ್ಫೋಟದ ಕ್ಷಣವನ್ನು ನಿಯಂತ್ರಿಸುವ ಮತ್ತು ಅದನ್ನು ಚಿತ್ರೀಕರಿಸುವ ಹೊಣೆ ಅದರ ಪಾಲಿಗೆ ಬಂದಿತು. ಅಲ್ಲಿಯವರೆಗೆ ಎಡ್ಜರ್ಟನ್ ಅವರ ತೊಡಕು ಬೆಳಕಿನ ಕೊರತೆಯಾಗಿತ್ತು. ಬಾಂಬಿನ ಮುಂದೆ ಬೆಳಕೇ ಅತಿಯಾಯಿತು. ಕಬ್ಬಿಣ, ಹಲ್ಲುಚಕ್ರಗಳ ಯಾವ ಷಟರೂ ಅಷ್ಟು ಬೇಗ ಮುಚ್ಚಲಾರದು. ಆದ್ದರಿಂದ ಅಯಸ್ಕಾಂತ ಕ್ಷೇತ್ರದ ಬಲದಿಂದ ಬೆಳಕಿನ ಹಾದಿಯನ್ನು ತೆರೆದು ಮುಚ್ಚುವ, ಚಲಿಸುವ ಭಾಗಗಳೇ ಇಲ್ಲದ ರಾಪಟ್ರಾನಿಕ್ ಎಂಬ ಕ್ಯಾಮೆರಾವನ್ನು ಅವರು ರೂಪಿಸಿದರು. ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗದಷ್ಟು ಹೊತ್ತು ತೆರೆಯುತ್ತಿದ್ದ ಆ ಕ್ಯಾಮೆರಾ, ಸ್ಫೋಟ ಅಣಬೆಯ ಮೋಡವಾಗುವ ಮುನ್ನ ಗಂಟುಗಂಟಾದ ಬೆಂಕಿಯ ಗೋಳವಾಗಿರುವುದನ್ನು ದಾಖಲಿಸಿತು.

ಹಾಲಿನ ಹನಿಯ ಚಿತ್ರವನ್ನೂ ಬೆಂಕಿಗೋಳದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ಒಂದು ಕಸಿವಿಸಿ ಆಗದಿರದು. ಎರಡರಲ್ಲಿಯೂ ಅದೇ ಕುತೂಹಲ, ಅದೇ ಕೈಚಳಕ, ಅದೇ ನಿಖರತೆ. ಒಂದರ ಮುಂದೆ ಮಕ್ಕಳು ಬೆರಗಾಗುತ್ತಾರೆ. ಇನ್ನೊಂದು ಊರುಗಳನ್ನೇ ಅಳಿಸಬಲ್ಲ ಆಯುಧವನ್ನು ಮತ್ತಷ್ಟು ಪಕ್ವಗೊಳಿಸಲು ನೆರವಾದ ದಾಖಲೆ. ವಿದ್ಯೆ ಯಾರ ಕೈಯಲ್ಲಿ ಯಾವ ಕೆಲಸಕ್ಕೆ ಒದಗುತ್ತದೆ ಎಂಬುದು ವಿದ್ಯೆಯಿಂದಲೇ ತೀರ್ಮಾನವಾಗುವುದಿಲ್ಲ ಎಂಬುದಕ್ಕೆ ಎಡ್ಜರ್ಟನ್ ಬದುಕಿನ ಈ ಭಾಗ ಸಾಕ್ಷಿ. ಅವರ ಹಿರಿಮೆಯನ್ನು ಹೇಳುವವರು ಇದನ್ನು ಮರೆಮಾಚಬೇಕಾಗಿಲ್ಲ.

ಕಡಲಾಳದ ಕತ್ತಲು

1950ರ ದಶಕದಲ್ಲಿ ಅವರ ದೃಷ್ಟಿ ಸಮುದ್ರದತ್ತ ಹೊರಳಿತು. ಸೂರ್ಯನ ಬೆಳಕು ತಲುಪದ ಆಳದಲ್ಲಿ ಚಿತ್ರ ತೆಗೆಯಬೇಕಾದರೆ ದೀಪವನ್ನೂ ಕ್ಯಾಮೆರಾವನ್ನೂ ಅಗಾಧ ಒತ್ತಡ ತಾಳುವ ಕವಚದೊಳಗಿಟ್ಟು ಇಳಿಸಬೇಕು. ಫ್ರಾನ್ಸಿನ ಕಡಲಶೋಧಕ ಜಾಕ್ ಕೂಸ್ಟೊ ಅವರ ಕ್ಯಾಲಿಪ್ಸೊ ಹಡಗಿನಲ್ಲಿ 1953ರಿಂದ ಎಡ್ಜರ್ಟನ್ ಈ ಕೆಲಸಕ್ಕೆ ತೊಡಗಿದರು. ಸದಾ ಮಿಂಚಿನ ದೀಪಗಳೊಂದಿಗೆ ಬರುತ್ತಿದ್ದ ಈ ಹಿರಿಯರನ್ನು ಹಡಗಿನ ಸಿಬ್ಬಂದಿ ಪಾಪಾ ಫ್ಲ್ಯಾಶ್ ಎಂದು ಅಕ್ಕರೆಯಿಂದ ಕರೆದರು. 1956ರಲ್ಲಿ ಅಟ್ಲಾಂಟಿಕ್ ಸಾಗರದ ರೊಮಾಂಶ್ ಕಂದಕದಲ್ಲಿ 7,000 ಮೀಟರಿಗೂ ಹೆಚ್ಚು ಆಳಕ್ಕೆ ಅವರ ಕ್ಯಾಮೆರಾ ಇಳಿಯಿತು.

ಅದೇ ವರ್ಷ ಅವರ ಮನೆಗೆ ದೊಡ್ಡ ಆಘಾತ ಬಂದೆರಗಿತು. ಅವರ ಪುತ್ರ ವಿಲಿಯಂ ನೀರಿನೊಳಗೆ ಮುಳುಗುವ ಉಪಕರಣವನ್ನು ಪರೀಕ್ಷಿಸುತ್ತಿದ್ದಾಗ ದುರಂತಕ್ಕೀಡಾಗಿ ಮೃತಪಟ್ಟರು. ಅವರಿಗಿನ್ನೂ ಇಪ್ಪತ್ತರ ಹರೆಯ. ತಾವು ಬೆಳಗಿಸಲು ಹೊರಟ ನೀರೇ ಮಗನನ್ನು ಕಸಿದುಕೊಂಡ ಬಳಿಕ ತಂದೆಯೊಬ್ಬರು ಆ ಕೆಲಸದಿಂದಲೇ ದೂರ ಸರಿದಿದ್ದರೂ ಅಚ್ಚರಿಯಿರಲಿಲ್ಲ. ಎಡ್ಜರ್ಟನ್ ಸರಿಯಲಿಲ್ಲ. ಮುಂದಿನ ಮೂರು ದಶಕ ಅವರು ಕಡಲಿನೊಂದಿಗೇ ಇದ್ದರು. ಬೆಳಕು ಮುಟ್ಟದ ಕೆಸರು ನೀರಿನಲ್ಲಿ ಶಬ್ದದ ಅಲೆಗಳಿಂದ ತಳವನ್ನು ಚಿತ್ರಿಸುವ ಸೈಡ್ ಸ್ಕ್ಯಾನ್ ಸೋನಾರ್ ತಂತ್ರವನ್ನು ಬೆಳೆಸಿದರು. ಇಂಗ್ಲೆಂಡಿನ ದಡದಾಚೆ ಮುಳುಗಿದ್ದ 16ನೇ ಶತಮಾನದ ಮೇರಿ ರೋಸ್ ಯುದ್ಧನೌಕೆಯ ಶೋಧಕ್ಕೆ 1960ರ ದಶಕದಲ್ಲಿ ಈ ತಂತ್ರ ನೆರವಾಯಿತು. ಅಮೆರಿಕದ ಅಂತರ್ಯುದ್ಧ ಕಾಲದ ಮಾನಿಟರ್ ನೌಕೆಯನ್ನು 1973ರಲ್ಲಿ ಪತ್ತೆಹಚ್ಚಿದ ತಂಡದಲ್ಲಿಯೂ ಅವರಿದ್ದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತು.

ಬಾಗಿಲು ಮುಚ್ಚದ ಮೇಷ್ಟ್ರು

ಪ್ರಶಸ್ತಿ, ಕಂಪನಿ, ಕಡಲಯಾನ ಇವೆಲ್ಲದರ ನಡುವೆ ಎಡ್ಜರ್ಟನ್ ಕೊನೆಯವರೆಗೂ ಮೇಷ್ಟ್ರಾಗಿಯೇ ಉಳಿದರು. ವಿದ್ಯಾರ್ಥಿಗಳಿಗೆ ಅವರು ಡಾಕ್ ಎಂದೇ ಪರಿಚಿತರು. ಎಂಐಟಿಯಲ್ಲಿ ಅವರ ಪ್ರಯೋಗಾಲಯವಿದ್ದ ಪಡಸಾಲೆಗೆ ಸ್ಟ್ರೋಬ್ ಓಣಿ ಎಂಬ ಹೆಸರು ಬಿದ್ದಿತು. ದಾರಿಹೋಕರು ಗುಂಡಿ ಒತ್ತಿ ನೋಡಬಹುದಾದ ಪ್ರಯೋಗಗಳನ್ನು ಅಲ್ಲಿ ಗೋಡೆಯುದ್ದಕ್ಕೂ ಜೋಡಿಸಿದ್ದರು. ಬಂದವರ ಕೈಗೆ ತಮ್ಮ ಚಿತ್ರಗಳ ಅಂಚೆಕಾರ್ಡುಗಳನ್ನು ಧಾರಾಳವಾಗಿ ಹಂಚುತ್ತಿದ್ದರು. ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗದ ಗುಂಡು ಸೇಬುಹಣ್ಣನ್ನು ತೂರಿ ಹೊರಬರುವ 1964ರ ಚಿತ್ರವನ್ನು ಅವರು ಬಳಸಿದ್ದು ಎಂಐಟಿಯಲ್ಲಿ ಸೇಬಿನ ಗೊಜ್ಜು ಮಾಡುವ ಬಗೆಯನ್ನು ಕುರಿತ ತಮಾಷೆಯ ಶೀರ್ಷಿಕೆಯ ಉಪನ್ಯಾಸಕ್ಕೆ. ಗುಂಡಿನ ಸದ್ದನ್ನು ಮೈಕ್ರೊಫೋನ್ ಗ್ರಹಿಸಿದೊಡನೆ ದೀಪ ಮಿಂಚುವಂತೆ ಅಲ್ಲಿ ಏರ್ಪಾಡು ಮಾಡಲಾಗಿತ್ತು. 1968ರಲ್ಲಿ ಅಧಿಕೃತವಾಗಿ ನಿವೃತ್ತರಾದರೂ ಪ್ರಯೋಗಾಲಯಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. 1990ರ ಜನವರಿ 4ರಂದು ಎಂಐಟಿಯ ಅಧ್ಯಾಪಕರ ಕ್ಲಬ್ಬಿನಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 86 ವರ್ಷ. ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯಲೆಂದು ಅವರ ಹೆಸರಿನ ಕೇಂದ್ರವೊಂದು 1992ರಲ್ಲಿ ಎಂಐಟಿಯಲ್ಲಿ ತಲೆಯೆತ್ತಿತು. ಬಾಲ್ಯದ ಊರು ಅರೋರಾದಲ್ಲಿಯೂ ಅವರ ಹೆಸರಿನಲ್ಲಿ ಮಕ್ಕಳ ವಿಜ್ಞಾನ ಕೇಂದ್ರವಿದೆ.

ಮತ್ತೆ ಸಭಾಂಗಣಕ್ಕೆ

ಇಂದು ಕತ್ತಲಲ್ಲೂ ತಕ್ಕಮಟ್ಟಿಗೆ ಕಾಣಬಲ್ಲ ಡಿಜಿಟಲ್ ಕ್ಯಾಮೆರಾಗಳು ಬಂದಿವೆ. ಸ್ಟ್ರೋಬ್ ಇಲ್ಲದೆಯೂ ಒಳಾಂಗಣ ಕ್ರೀಡೆಯ ಚಿತ್ರ ತೆಗೆಯುವವರು ಹೆಚ್ಚಾಗಿದ್ದಾರೆ. ಆದರೂ ಮೋಡ ಕವಿದ ದಿನದ ಸಭಾಂಗಣದಲ್ಲಿ ಕ್ಯಾಮೆರಾ ತನ್ನ ಶಕ್ತಿಯನ್ನೆಲ್ಲ ಬೆಳಕು ಹೀರಲು ವ್ಯಯಿಸಿದರೆ ಚಿತ್ರ ಕಾಳುಕಾಳಾಗಿ ಒಡೆಯುತ್ತದೆ, ಬಣ್ಣಗಳು ಸೊರಗುತ್ತವೆ. ಮೊಬೈಲಿನ ದೀಪ ಇದಕ್ಕೆ ಪರಿಹಾರವಲ್ಲ. ಫ್ಲ್ಯಾಶ್ ಎಂದು ಕರೆದರೂ ಅದು ಉರಿದು ನಿಲ್ಲುವ ಪುಟ್ಟ ಎಲ್‌ಇಡಿ ದೀಪವೇ ಹೊರತು ಎಡ್ಜರ್ಟನ್ ಅವರ ಮಿಂಚಲ್ಲ. ಗ್ಯಾಲರಿಯಿಂದ ಬಲೆಯವರೆಗೆ ಅದರ ಬೆಳಕು ತಲುಪುವುದೂ ಇಲ್ಲ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ.

ಸ್ಟ್ರೋಬ್ ಬಳಸುವ ಛಾಯಾಗ್ರಾಹಕರು ಅನುಸರಿಸುವ ಕ್ರಮ ಹೀಗೆ. ಷಟರನ್ನು ಕ್ಯಾಮೆರಾ ಫ್ಲ್ಯಾಶಿನೊಂದಿಗೆ ಹೊಂದಿಕೊಳ್ಳುವ ಗರಿಷ್ಠ ವೇಗಕ್ಕೆ, ಸಾಮಾನ್ಯವಾಗಿ ಸೆಕೆಂಡಿನ 200 ಅಥವಾ 250ನೇ ಒಂದು ಭಾಗಕ್ಕೆ ಇಡುತ್ತಾರೆ. ಸಭಾಂಗಣದ ಸಹಜ ಬೆಳಕು ಆ ಅವಧಿಯಲ್ಲಿ ಚಿತ್ರದಲ್ಲಿ ಏನನ್ನೂ ಮೂಡಿಸದಂತೆ ನೋಡಿಕೊಳ್ಳುತ್ತಾರೆ. ಆಗ ಚೆಂಡನ್ನು ನಿಲ್ಲಿಸುವ ಕೆಲಸ ಷಟರಿನದಲ್ಲ, ಪೂರ್ಣವಾಗಿ ಮಿಂಚಿನದು. ಕೈಯಲ್ಲಿ ಹಿಡಿಯುವಂತಹ ಸಣ್ಣ ಫ್ಲ್ಯಾಶ್‌ಗಳಲ್ಲಿ ಬೆಳಕಿನ ಪ್ರಮಾಣ ತಗ್ಗಿಸಿದಷ್ಟೂ ಮಿಂಚಿನ ಅವಧಿಯೂ ಕುಗ್ಗುತ್ತದೆ. ಆದ್ದರಿಂದ ಒಂದೇ ದೀಪದ ಪೂರ್ಣ ಶಕ್ತಿಯನ್ನು ಬಳಸುವ ಬದಲು ಎರಡು ಮೂರು ದೀಪಗಳನ್ನು ಕಡಿಮೆ ಶಕ್ತಿಯಲ್ಲಿ ಬಳಸುವುದು ಲೇಸು. ದೀಪಗಳನ್ನು ಆಟಗಾರರ ಕಣ್ಣಿಗೆ ನೇರವಾಗಿ ಹೊಡೆಯದಂತೆ ಎತ್ತರದಲ್ಲಿ ಬಿಗಿದು, ಜಾರಿ ಬೀಳದಂತೆ ಹೆಚ್ಚುವರಿ ತಂತಿ ಕಟ್ಟುವುದು, ಪಂದ್ಯದ ಮುನ್ನ ಪಂಚರು ಮತ್ತು ತರಬೇತುದಾರರ ಅನುಮತಿ ಪಡೆಯುವುದು ಈ ವೃತ್ತಿಯ ಶಿಷ್ಟಾಚಾರ. ಅನುಮತಿ ದೊರೆಯದಿದ್ದರೆ ದೀಪ ಆರಿಸಿಬಿಡುವುದೇ ಸರಿ. ಚಿತ್ರಕ್ಕಿಂತ ಮಕ್ಕಳ ಆಟ ಮುಖ್ಯ.

ಹಳ್ಳಿಯ ಶಾಲೆಯೊಂದರ ತಂಡಕ್ಕೆ ತಾಲ್ಲೂಕು ಮಟ್ಟದ ಪಂದ್ಯದ ಬಳಿಕ ಉಳಿಯುವುದು ಕಡಿಮೆ. ಗೆದ್ದರೆ ಒಂದು ಪ್ರಮಾಣಪತ್ರ, ಸೋತರೆ ಅದೂ ಇಲ್ಲ. ಶಾಲೆಯ ಗೋಡೆಯ ಮೇಲೋ ಪತ್ರಿಕೆಯ ಜಿಲ್ಲಾ ಪುಟದಲ್ಲೋ ಬರುವ ಒಂದು ಸ್ಪಷ್ಟವಾದ ಚಿತ್ರ, ಆ ಹುಡುಗಿ ಬಲೆಗಿಂತ ಎತ್ತರಕ್ಕೆ ಹಾರಿದ್ದು ನಿಜ ಎಂಬುದಕ್ಕೆ ಪುರಾವೆ. ಅವಳೇ ತನ್ನನ್ನು ಹಾಗೆ ಎಂದೂ ಕಂಡಿರುವುದಿಲ್ಲ. ಕಣ್ಣಿಗೆ ಸಿಗದೆ ಜಾರಿಹೋಗುವ ಕ್ಷಣವನ್ನು ಹಿಡಿದು ಕೈಗಿಡುವುದೇ ಎಡ್ಜರ್ಟನ್ ಜೀವನವಿಡೀ ಮಾಡಿದ ಕೆಲಸ. ಅವರ ದೀಪ ಬಾಂಬಿನ ಪರೀಕ್ಷಾ ಭೂಮಿಗೂ ಹೋಯಿತು, ಕಡಲ ತಳಕ್ಕೂ ಇಳಿಯಿತು. ಮಳೆ ಬಡಿಯುವ ಮಾಡಿನ ಕೆಳಗೆ, ಶಾಲಾ ಮಕ್ಕಳ ವಾಲಿಬಾಲ್ ಅಂಗಣದ ಮೂಲೆಯಲ್ಲಿ ಅದು ಮಿಂಚಿ ಆರುವಾಗ, ಎಲ್ಲ ಉಪಯೋಗಗಳಲ್ಲಿ ಇದು ತೀರಾ ಸಣ್ಣದಿರಬಹುದು. ಆದರೆ ಯಾರ ಮನಸ್ಸಿಗೂ ಅಳುಕು ಹುಟ್ಟಿಸದ ಉಪಯೋಗ ಇದು.